ಮಂಗಟ್ಟೆಯ ಬೂದಿ ಬಾಲ

ಗಿರಿರಾಜ್ ನಮ್ಮ ಷೆಡ್ಡಿಗೆ ಬಂದವನು ಮೊದಲು ಮಾಡಿದ ಕೆಲಸ ಮೂಗು ಮುಚ್ಚಿಕೊಂಡದ್ದು. ಕಾಮಾಕ್ಷಿಪಾಳ್ಯದ ನಮ್ಮ ಬೀದಿಯಲ್ಲಿ ಒಂದು ಕಡೆ ಗಾರ್ಮೆಂಟ್ಸು, ಇನ್ನೊಂದು ಕಡೆ ಲೇತ್ ಮೆಷಿನ್ನು, ಮಧ್ಯದಲ್ಲಿ ನಾವು. ಫೈಬರ್ರು, ಪುಟ್ಟಿ, ಥಿನ್ನರ್ ಇರುವ ಜಾಗದಲ್ಲಿ ಮಲ್ಲಿಗೆ ವಾಸನೆ ಬರಬೇಕಿತ್ತೇನೋ. ಕಾರು ಬೀದಿಯೊಳಗೆ ನುಗ್ಗಲಿಲ್ಲ ಅಂತ ಮಾಗಡಿ ರೋಡಿನಿಂದ ನಡೆದು ಬಂದಿದ್ದ. ಅದಕ್ಕೂ ನಮ್ಮ ಮೇಲೇ ಸಿಟ್ಟು. ಅವನ ಹಿಂದೆ ಲ್ಯಾಪ್‌ಟಾಪ್ ಹಿಡಿದು ಅನಘಾ ಅನ್ನೋ ಹುಡುಗಿ.

ನಾನು ಬಸವರಾಜೇಶ್ವರಿ. ನಾನೂ ನನ್ನ ಅಣ್ಣ ಜಂಬಣ್ಣನೂ ಗಂಗಾವತಿ ಕಡೆಯಿಂದ ಬಂದು ಮೂವತ್ತು ವರ್ಷ ಮೇಲಾಯಿತು. ಅಣ್ಣ ಮೊದಲು ಬೈಕಿನ ಟ್ಯಾಂಕಿಗೆ, ಲಾರಿಯ ಹಣೆಗೆ ಬಣ್ಣ ಬಳಿಯುತ್ತಿದ್ದ. ಆಮೇಲೆ ಟ್ರಾವೆಲ್ ಏಜೆಂಟರ ಮೇಜಿನ ಮೇಲೆ ಇಡುತ್ತಾರಲ್ಲ, ಆ ಮಾಡೆಲ್ ವಿಮಾನಗಳ ಕೆಲಸ ಹಿಡಿದ. ಅವನಿಂದ ನಾನು ಕಲಿತೆ. ಈಗ ಅವನಿಗೆ ಅರವತ್ತಾರು, ಕೈ ನಡುಗುತ್ತದೆ. ಬ್ರಷ್ಷು, ಸ್ಪ್ರೇ ಗನ್ನು ನನ್ನ ಕೈಯಲ್ಲಿ. ಅವನು ಸ್ಟೂಲಿನ ಮೇಲೆ ಕೂತು ಬಣ್ಣ ಬೆರೆಸುತ್ತಾನೆ, ತಪ್ಪು ಹೇಳುತ್ತಾನೆ.

ಗಿರಿರಾಜ್ ಸಹ್ಯಾದ್ರಿ ಏರ್‌ವೇಸ್‌ನ ಬ್ರ್ಯಾಂಡ್ ಹೆಡ್ಡು. ಕಂಪನಿಗೆ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ರಾಜಾಜಿನಗರದಲ್ಲಿ ಗಾಜಿನ ಹೊಸ ಆಫೀಸು ಎದ್ದಿತ್ತು. ಅದರ ಲಾಬಿಯಲ್ಲಿ ಕಂಪನಿಯ ಮೊಟ್ಟಮೊದಲ ಜೆಟ್ ವಿಮಾನದ ಮಾಡೆಲ್‌ಗಳನ್ನು ಸಾಲಾಗಿ ಇಡಬೇಕಂತೆ. ಒಂದೇ ವಿಮಾನ, ಕಾಲಕಾಲಕ್ಕೆ ಅದು ಹಾಕಿಕೊಂಡ ಬೇರೆ ಬೇರೆ ಬಣ್ಣ. ಒಂದೊಂದೂ ಒಂದು ಮೀಟರ್ ಉದ್ದ.

"ಇದು ಬರೀ ಪೇಂಟ್ ಅಲ್ಲ ಆಂಟಿ, ನಮ್ ಲಿವರಿ ಹಿಸ್ಟರಿ," ಅಂದ.

ನಾವು ಅದಕ್ಕೆ ಬಣ್ಣ ಅಂತೀವಿ. ಬಣ್ಣ ಅನ್ನುವ ಮಾತು ಯಾರಿಗೆ ಸಾಕಾಗುವುದಿಲ್ಲವೋ ಆ ಮನುಷ್ಯ ಸುಳ್ಳು ಹೇಳಲಿಕ್ಕೆ ಬಂದಿದ್ದಾನೆ ಅಂತ ನನಗೆ ಇಷ್ಟು ವರ್ಷದಲ್ಲಿ ಗೊತ್ತಾಗಿದೆ.

ಅನಘಾ ಪುಟ್ಟಿ ಮೆತ್ತಿದ್ದ ಮೇಜಿನ ಮೇಲೆ ಪೇಪರ್ ಹಾಸಿ ಲ್ಯಾಪ್‌ಟಾಪ್ ತೆರೆದಳು. ಮೊದಲ ಚಿತ್ರದಲ್ಲಿ ಬಿಳಿ ಮೈ, ಕಿಟಕಿಗಳುದ್ದಕ್ಕೂ ನೀಲಿ ಪಟ್ಟಿ. ಕೆಳಗೆ "ಸಹ್ಯಾದ್ರಿಯ ನೀಲಿ ಬೆಟ್ಟಸಾಲು" ಅಂತ ಬರೆದಿತ್ತು. ನಾನು ಆ ಕಾಲದಲ್ಲೇ ಅದರ ಮಾಡೆಲ್ ಮಾಡಿದ್ದೆ. ವಿಮಾನ ಸೆಕೆಂಡ್ ಹ್ಯಾಂಡು, ಯಾವುದೋ ದೇಶದ ಕಂಪನಿ ಓಡಿಸಿ ಬಿಟ್ಟದ್ದು. ನೀಲಿ ಪಟ್ಟಿ ಆ ಕಂಪನಿಯದೇ. ಇವರು ಅವಸರಕ್ಕೆ ಹೆಸರು ಅಳಿಸಿ ತಮ್ಮ ಹೆಸರು ಬರೆದುಕೊಂಡರು. ಬೆಟ್ಟವೂ ಇಲ್ಲ, ಸಾಲೂ ಇಲ್ಲ.

ಎರಡನೆಯದು ಹೊಟ್ಟೆಯ ಭಾಗಕ್ಕೆಲ್ಲ ಕಡುಕೆಂಪು. "ನಾಡಿನ ಮಣ್ಣಿಗೆ ನಮನ." ಛೇರ್ಮನ್ನರ ಮಗಳ ಮದುವೆಯ ವರ್ಷ ಅದು. ಲಗ್ನಪತ್ರಿಕೆಯ ಕೆಂಪು ಅವರ ಮನೆಯವರಿಗೆಲ್ಲ ಹಿಡಿಸಿಬಿಟ್ಟಿತ್ತು. ಅದೇ ಪತ್ರಿಕೆಯನ್ನು ಕೊಟ್ಟು, ಇದಕ್ಕೆ ಮ್ಯಾಚ್ ಮಾಡಿ ಅಂದಿದ್ದರು. ಅಣ್ಣ ಅದರಲ್ಲಿದ್ದ ಗಣಪತಿಯ ಮುಖದ ಮೇಲೆ ಬೆರಳಿಟ್ಟು ಬಣ್ಣ ಬೆರೆಸಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂರನೆಯದು ಬಾಲದ ಮೇಲೆ ಮಂಗಟ್ಟೆ ಹಕ್ಕಿ. ದೊಡ್ಡ ಹಳದಿ ಕೊಕ್ಕು, ಕಪ್ಪು ರೆಕ್ಕೆ, ಬಿಳಿ ಬಾಲಕ್ಕೆ ಅಡ್ಡಲಾಗಿ ಕಪ್ಪು ಪಟ್ಟೆ. "ಇಟಲಿಯ ಕಲಾವಿದರ ಕುಂಚದಲ್ಲಿ ಅರಳಿದ್ದು" ಅಂತ ಬರೆದಿತ್ತು. ನಾನು ಅಣ್ಣನ ಮುಖ ನೋಡಿದೆ. ಅವನು ಲ್ಯಾಪ್‌ಟಾಪನ್ನೇ ನೋಡುತ್ತಿದ್ದ.

ನಾಲ್ಕನೆಯದು ಪೂರ್ತಿ ಬಿಳಿ, ಮೂಗಿನ ಹತ್ತಿರ ಇರುವೆಯಷ್ಟು ಹೆಸರು. "ಮೌನದ ಸೊಬಗು." ಕೊನೆಕೊನೆಗೆ ಆ ವಿಮಾನಕ್ಕೆ ಯಾರೂ ಬಣ್ಣ ಬಳಿಯಲಿಲ್ಲ ಅನ್ನುವುದನ್ನು ಇಷ್ಟು ಚೆನ್ನಾಗಿ ಹೇಳಬಹುದು ಅಂತ ನನಗೆ ಗೊತ್ತಿರಲಿಲ್ಲ.

"ಒಂದು ಬಿಟ್ಟೋಗಿದೆ ಸಾರ್," ಅಂದೆ. "ಬಿಳಿಗೆ ಮುಂಚೆ ಎರಡು ವರ್ಷ ಮೈತುಂಬ ಸಿಮೆಂಟ್ ಕಂಪನಿ ಜಾಹೀರಾತಿತ್ತು. ಬೂದು ಬಣ್ಣ. ಬಾಗಿಲ ಹತ್ರ ಮೂಟೆ ಚಿತ್ರ."

ಅನಘಾ ತಲೆ ತಗ್ಗಿಸಿ ನಗು ನುಂಗಿದಳು.

"ಅದು ನಮ್ ಜರ್ನಿಯಲ್ಲಿ ಬರಲ್ಲ ಆಂಟಿ," ಅಂದ ಗಿರಿರಾಜ್.

ಎರಡು ವರ್ಷ ಮೂಟೆ ಹೊತ್ತುಕೊಂಡು ಹಾರಿದ ವಿಮಾನ ಜರ್ನಿಯಲ್ಲಿ ಬರುವುದಿಲ್ಲವಂತೆ. ಇರಲಿ. ನನಗೇನು, ನಾಲ್ಕು ಕೇಳಿದರೆ ನಾಲ್ಕು ಮಾಡುತ್ತೇನೆ ಅಂದುಕೊಂಡೆ.

ಆದರೆ ಇಟಲಿ ನುಂಗಲಿಕ್ಕಾಗಲಿಲ್ಲ. ಎರಡು ಸಾವಿರದ ಎಂಟರಲ್ಲಿ ಇಟಲಿಯಿಂದ ಬಂದದ್ದು ಚಿತ್ರ ಮಾತ್ರ. ಅದನ್ನು ದೊಡ್ಡ ಸ್ಟಿಕ್ಕರ್ ಮಾಡಿಸಿ ಬಾಲಕ್ಕೆ ಅಂಟಿಸಹೋದರೆ ರಿವೆಟ್ಟಿನ ತಲೆತಲೆಗೂ ಗುಳ್ಳೆ ಎದ್ದಿತು. ಅಳತೆ ಕೂಡ ಬೇರೆ ಯಾವುದೋ ವಿಮಾನದ್ದು. ಹಕ್ಕಿಯ ಅರ್ಧ ಬಾಲ ಗಾಳಿಯಲ್ಲಿ ಉಳಿಯಿತು. ಸಮಾರಂಭಕ್ಕೆ ನಾಲ್ಕೇ ದಿನ. ಮಂತ್ರಿಗಳು ಬರುವವರಿದ್ದರು. ಆಗ ಗುತ್ತಿಗೆದಾರ ಓಡಿಬಂದು ನಮ್ಮ ಅಣ್ಣನನ್ನು ಹಳೇ ಏರ್‌ಪೋರ್ಟಿನ ಹ್ಯಾಂಗರಿಗೆ ಕರೆದುಕೊಂಡು ಹೋದ. ಅಣ್ಣ ಮೂರು ದಿನ ಅಟ್ಟಣಿಗೆಯ ಮೇಲೆ ನಿಂತು ಆ ಹಕ್ಕಿಯನ್ನು ಎರಡೂ ಕಡೆ ಕೈಯಿಂದ ಬರೆದ. ನಾನು ಬುತ್ತಿ ತೆಗೆದುಕೊಂಡು ಹೋದರೆ ಗೇಟಿನೊಳಗೆ ಬಿಡಲಿಲ್ಲ. ಹಾಗಾಗಿ ಹಕ್ಕಿಯನ್ನು ನಾನು ನೋಡಿದ್ದು ವಿಮಾನ ಹಾರಿದ ಮೇಲೆ, ಕತ್ತೆತ್ತಿ, ಎಡಗಡೆಯಿಂದ, ಒಂದೇ ಸಲ.

ಅದರ ಬಾಲದ ವಿಚಾರ ಅಣ್ಣ ನನಗೆ ನೂರು ಸಲ ಹೇಳಿದ್ದ. ವಿಮಾನದ ಬಾಲದ ಹಿಂತುದಿಯಲ್ಲಿ ಬಾಗಿಲಿನ ಹಾಗೆ ಅತ್ತಿತ್ತ ತಿರುಗುವ ಒಂದು ಹಲಗೆ ಇರುತ್ತದೆ. ರಡ್ಡರ್ ಅನ್ನುತ್ತಾರೆ. ಅದರ ತೂಕ ಸ್ವಲ್ಪವೂ ಹೆಚ್ಚುಕಮ್ಮಿ ಆಗಬಾರದು. ಹಕ್ಕಿಯ ಬಾಲ ಬರುವುದು ಸರಿಯಾಗಿ ಅದರ ಮೇಲೆ. ಆಗಿನ ಇಂಜಿನಿಯರ್ ಮಡಿವಾಳಪ್ಪ ಅನ್ನುವವರು ಅಟ್ಟಣಿಗೆಯ ಕೆಳಗೇ ಕುರ್ಚಿ ಹಾಕಿಕೊಂಡು ಕೂತು, "ಇಲ್ಲಿ ಒಂದೇ ಕೋಟು, ತೆಳ್ಳಗೆ," ಅಂದಿದ್ದರಂತೆ. ಬಿಳಿಯ ಮೇಲೆ ಒಂದೇ ಕೋಟು ಕಪ್ಪು ಬಳಿದರೆ ಅದು ಕಪ್ಪಾಗುವುದಿಲ್ಲ, ಬೂದಿಯಾಗುತ್ತದೆ. ರೆಕ್ಕೆ ಕಪ್ಪು, ಬಾಲದ ಪಟ್ಟೆ ಬೂದಿ. ಆ ಹಕ್ಕಿಯ ಗುರುತೇ ಅದು.

ನಾಲ್ಕು ಮಾಡೆಲ್ ಮುಗಿಯಲಿಕ್ಕೆ ಎರಡು ತಿಂಗಳು ಹಿಡಿಯಿತು. ಮಂಗಟ್ಟೆಯನ್ನು ಸ್ಟಿಕ್ಕರಿಲ್ಲದೆ ಕೈಯಿಂದಲೇ ಬರೆದೆ. ಅಣ್ಣ ಪಕ್ಕದಲ್ಲಿ ಕೂತು ಕಣ್ಣು ಎಲ್ಲಿ, ಕೊಕ್ಕಿನ ಬಾಗು ಎಷ್ಟು ಅಂತ ಹೇಳಿಕೊಟ್ಟ. ಬಾಲದ ಪಟ್ಟೆಯನ್ನು ಎರಡೂ ಕಡೆ ಬೂದಿ ಮಾಡಿದೆ.

ಗಿರಿರಾಜ್ ನೋಡಲಿಕ್ಕೆ ಬಂದ. ಈ ಸಲ ಮಾಸ್ಕ್ ಹಾಕಿಕೊಂಡಿದ್ದ.

"ಇದೇನು ಬಾಲ ಮಾಸಿದೆ?"

"ಅದು ಹಾಗೇ ಇತ್ತು ಸಾರ್," ಅಂದ ಅಣ್ಣ, ಸ್ಟೂಲಿನಿಂದ ಎದ್ದು ನಿಂತು. "ರಡ್ಡರಿನ ಮ್ಯಾಲ ಒಂದ ಕೋಟು. ತೂಕದ ಸಲುವಾಗಿ."

"ಅಂಕಲ್, ಮಾಡೆಲ್ ಹಾರಲ್ಲ ಅಲ್ವಾ? ಇನ್ನೊಂದ್ ಕೋಟ್ ಹೊಡೀರಿ."

"ಹಾರಿದ್ದು ಹೆಂಗಿತ್ತೋ ಹಂಗ ಮಾಡೀವಿ ಸಾರ್. ಅದನ್ನ ಬರ್ದವ ನಾನ."

ಗಿರಿರಾಜ್ ನಕ್ಕ. ಕೆಟ್ಟದಾಗಿ ನಕ್ಕಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಮಗು ತಾನು ಪೊಲೀಸು ಅಂದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ ನಕ್ಕ. "ಅಂಕಲ್, ಏರ್‌ಕ್ರಾಫ್ಟ್ ಪೇಂಟಿಂಗ್‌ಗೆ ಸರ್ಟಿಫಿಕೇಟ್ ಬೇಕು. ಯಾರ್ಯಾರೋ ಹೋಗಿ ಬ್ರಷ್ ಹಿಡಿಯೋಕಾಗಲ್ಲ. ನಮ್ ರೆಕಾರ್ಡ್ಸ್‌ನಲ್ಲಿ ಇಟಲಿ ಅಂತಿದೆ."

ಅಣ್ಣ ಏನು ಮಾಡಿದ ಗೊತ್ತೇ? "ಹೌದ್ರಿ ಸಾರ್, ಇರಬೋದು," ಅಂದು ಕೂತುಬಿಟ್ಟ. ಗಿರಿರಾಜನ ಮೇಲೆ ಬಂದಷ್ಟೇ ಸಿಟ್ಟು ನನಗೆ ಅಣ್ಣನ ಮೇಲೂ ಬಂತು. ಶರ್ಟು ಇಸ್ತ್ರಿ ಮಾಡಿಕೊಂಡು ಯಾರು ಬಂದರೂ ಕೈ ಮುಗಿದು ನಿಲ್ಲುವ ಈ ಚಟ ಅವನಿಗೆ ಮೊದಲಿನಿಂದ ಇದೆ.

"ಬಣ್ಣ ಬದಲಾಯಿಸಲ್ಲ ಸಾರ್," ಅಂದೆ. "ಬೇಕಾದ್ರೆ ತಗೊಂಡು ಹೋಗಿ, ಬೇಡಾದ್ರೆ ಬಿಡಿ."

ಸಮಾರಂಭ ಹತ್ತಿರ ಇತ್ತು. ತೆಗೆದುಕೊಂಡು ಹೋದ.

ಮಾರನೇ ದಿನ ಅಣ್ಣ ಷೆಡ್ಡಿಗೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮನೆಯಲ್ಲಿ ಟೀವಿ ಹಚ್ಚಿ ಗೋಡೆ ನೋಡುತ್ತಾ ಕೂತಿದ್ದ. "ಯಾಕೆ?" ಅಂದರೆ "ಹಂಗ ಸುಮ್ನ" ಅಂದ. ಮೂರನೇ ದಿನ ಊಟದ ಹೊತ್ತಿಗೆ, "ನಾ ಬರ್ದಿದ್ದು ಖರೆ ಹೌದಲ್ಲೇನವಾ?" ಅಂತ ನನ್ನನ್ನೇ ಕೇಳಿದ. ಬುತ್ತಿ ಒಯ್ದ ತಂಗಿಯನ್ನು ಆ ಮನುಷ್ಯ ಈ ಮಾತು ಕೇಳಿದ. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಮಡಿವಾಳಪ್ಪನವರು ರಿಟೈರಾಗಿ ಉಲ್ಲಾಳದಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ ಅಂತ ಯಾರೋ ಹೇಳಿದ್ದು ನೆನಪಿತ್ತು. ಬಸ್ಸು ಹಿಡಿದು ಹೋಗಿ, ಲೇಔಟಿನಲ್ಲಿ ಒಂದು ಗಂಟೆ ಸುತ್ತಿ ಹುಡುಕಿದೆ. ಬನಿಯನ್ ಹಾಕಿಕೊಂಡು ಕೆಟ್ಟುಹೋದ ನೀರಿನ ಪಂಪನ್ನು ಬಿಚ್ಚಿ ಹರವಿಕೊಂಡು ಕೂತಿದ್ದರು. ಎತ್ತರದ ಆಳು, ಎಪ್ಪತ್ತು ದಾಟಿದೆ. ನಾನು ಹೇಳಿದ್ದನ್ನೆಲ್ಲ ಸ್ಪ್ಯಾನರ್ ಕೆಳಗಿಡದೆ ಕೇಳಿದರು.

"ಇಟಲಿ ಅಂತಾ?" ಅಂದರು. "ಇಟಲಿಯವನು ಒಬ್ಬ ಬಂದಿದ್ದ. ಹ್ಯಾಂಗರ್ ಸೆಖೆ ತಡೀಲಾರದೆ ಅರ್ಧ ಗಂಟೇಲಿ ಹೋಟ್ಲಿಗೆ ವಾಪಸ್ ಹೋದ. ಬರೆದೋನು ಜಂಬಣ್ಣ. ರಡ್ಡರ್ ಇಳಿಸಿ ತೂಗಿ ಮತ್ತೆ ಕೂರಿಸಿದೋನು ನಾನು. ಆ ವಿಮಾನಕ್ಕೆ ಹತ್ತೊಂಬತ್ತು ವರ್ಷ ಸಹಿ ಹಾಕಿದೀನಿ."

"ಅಷ್ಟನ್ನ ಒಂದು ಕಾಗದದ ಮೇಲೆ ಬರೆದುಕೊಡಿ ಸಾರ್."

"ಕಾಗದ ಯಾಕಮ್ಮ? ನಾನೇ ಬರ್ತೀನಿ. ಛೇರ್ಮನ್‌ಗೆ ನನ್ನ ಚೆನ್ನಾಗಿ ಗೊತ್ತು."

ಸಮಾರಂಭ ಬೆಳಿಗ್ಗೆ ಹನ್ನೊಂದಕ್ಕೆ. ನಾನು ಮದುವೆಗೆ ಉಡುವ ಸೀರೆ ಉಟ್ಟೆ. ಮಡಿವಾಳಪ್ಪನವರು ಹಳೇ ಕೋಟು ಹಾಕಿಕೊಂಡು ಬಂದರು. ಅಣ್ಣನನ್ನು ಎಷ್ಟು ಕರೆದರೂ ಬರಲಿಲ್ಲ. ಬಾಗಿಲಲ್ಲಿ ಅನಘಾ ನಿಂತಿದ್ದಳು. ನಮ್ಮ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅವಳು ಅತ್ತಿತ್ತ ನೋಡಿ, "ಬೇಗ ಒಳಗೆ ಹೋಗಿ ಆಂಟಿ," ಅಂದಳು.

ಲಾಬಿಯಲ್ಲಿ ನಾಲ್ಕು ವಿಮಾನ ದೀಪದ ಕೆಳಗೆ ಸಾಲಾಗಿ ನಿಂತಿದ್ದವು. ನಾನು ನೇರ ಮೂರನೆಯದರ ಹತ್ತಿರ ಹೋದೆ. ಬಾಲದ ಪಟ್ಟೆ ಕರ್ರಗಿತ್ತು. ಹತ್ತಿರ ಬಗ್ಗಿ ನೋಡಿದರೆ, ಯಾರೋ ನನ್ನ ಬೂದಿಯ ಮೇಲೆ ಕಪ್ಪು ಸ್ಟಿಕ್ಕರ್ ಕತ್ತರಿಸಿ ಅಂಟಿಸಿದ್ದರು. ಸೊಟ್ಟಗೆ. ಅಂಚಿನಲ್ಲಿ ಗುಳ್ಳೆ. ಸ್ಕೂಲ್ ಮಕ್ಕಳು ಪ್ರಾಜೆಕ್ಟ್ ವರ್ಕಿಗೆ ಅಂಟಿಸುವುದೂ ಇದಕ್ಕಿಂತ ನೆಟ್ಟಗಿರುತ್ತದೆ. ಕೆಳಗೆ ಹಿತ್ತಾಳೆ ತಗಡಿನ ಮೇಲೆ ಇಟಲಿಯ ಕುಂಚ ಹೊಳೆಯುತ್ತಿತ್ತು.

ಅಷ್ಟರಲ್ಲಿ ಛೇರ್ಮನ್ನರು ಗಿರಿರಾಜನ ಜೊತೆ ಬಂದರು. ಮಡಿವಾಳಪ್ಪನವರು ಮುಂದೆ ಹೋಗಿ ನಮಸ್ಕಾರ ಅಂದರು. ಛೇರ್ಮನ್ನರು ನಿಂತರು, ನಕ್ಕರು, ಇವರ ಕೋಟನ್ನು ಮೇಲಿಂದ ಕೆಳಗೆ ನೋಡಿದರು.

"ಕೇಟರಿಂಗ್ ನಿಮ್ದೇನಾ? ಚೆನ್ನಾಗಿದೆ, ಚೆನ್ನಾಗಿದೆ," ಅಂದರು.

ಹತ್ತೊಂಬತ್ತು ವರ್ಷ. ಈ ಮನುಷ್ಯ ಸಹಿ ಹಾಕದೆ ಆ ವಿಮಾನ ನೆಲ ಬಿಡುತ್ತಿರಲಿಲ್ಲ. ಅದರಲ್ಲಿ ಎಷ್ಟು ಸಲ ಕೂತು ಹಾರಿರಬೇಕು ಈ ಛೇರ್ಮನ್ನು! ಮಡಿವಾಳಪ್ಪನವರ ಕೈ ಜೋಡಿಸಿದ್ದು ಜೋಡಿಸಿದ ಹಾಗೇ ಇತ್ತು.

ನನಗೆ ಭಾಷಣ ಮಾಡಲಿಕ್ಕೆ ಬರುವುದಿಲ್ಲ. ಮಾಡಿ ಏನು ಉಪಯೋಗ, ಇವರಿಗೆ ಕಿವಿ ಇದೆಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಸ್ಟ್ಯಾಂಡಿನ ತಿರುಪು ಬಿಚ್ಚಿದೆ. ಅದನ್ನು ಹಾಕಿದವಳು ನಾನೇ, ಎಷ್ಟು ಸುತ್ತು ಅಂತ ಗೊತ್ತು. ಮಂಗಟ್ಟೆ ವಿಮಾನವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

"ಆಂಟಿ! ಮೇಡಂ! ಏನ್ ಮಾಡ್ತಾ ಇದೀರ?" ಗಿರಿರಾಜ್ ಓಡಿಬಂದ. ಆಂಟಿಯಿಂದ ಮೇಡಂಗೆ ಏರಲಿಕ್ಕೆ ನನಗೆ ಎರಡು ತಿಂಗಳು ಹಿಡಿಯಿತು ನೋಡಿ.

"ಇದು ನಿಮ್ ವಿಮಾನ ಅಲ್ಲ ಸಾರ್. ನಿಮ್ದನ್ನ ಇಟಲಿಯಿಂದ ತರಿಸ್ಕೊಳ್ಳಿ."

ಕ್ಯಾಮೆರಾದವರು ಇದ್ದರು, ಹಾಗಾಗಿ ಅವನು ನನ್ನ ಕೈ ಹಿಡಿಯಲಿಲ್ಲ. ನಗುತ್ತಲೇ ನಿಂತ. ನಾನು ರೆಕ್ಕೆ ಯಾರಿಗೂ ತಾಗದ ಹಾಗೆ ಓರೆಯಾಗಿ ನಡೆದು ಹೊರಗೆ ಬಂದೆ. ಅನಘಾ ಬಾಗಿಲು ತೆಗೆದು ಹಿಡಿದಳು.

ಆಟೋದವರು ಯಾರೂ ಒಪ್ಪಲಿಲ್ಲ. ಬಸ್ಸು ಹತ್ತಿದೆವು. ಮಡಿವಾಳಪ್ಪನವರು ಮೂಗಿನ ಕಡೆ, ನಾನು ಬಾಲದ ಕಡೆ, ತೊಡೆಯ ಮೇಲೆ ವಿಮಾನ. ಕಂಡಕ್ಟರ್ ಸ್ವಲ್ಪ ಹೊತ್ತು ನೋಡಿದ.

"ಆಂಟಿ, ನಿಮಗೇನೋ ಫ್ರೀ. ವಿಮಾನಕ್ಕೆ ಲಗೇಜ್ ಟಿಕೆಟ್ ತಗೋಬೇಕು."

"ಇದೂ ಹೆಂಗಸೇ ಕಣಪ್ಪ," ಅಂದೆ. ಹಿಂದಿನ ಸೀಟಿನಲ್ಲಿ ಗಾರ್ಮೆಂಟ್ಸ್ ಹುಡುಗಿಯರು ಗೊಳ್ಳೆಂದರು. ಅವನೂ ನಕ್ಕು ಮುಂದೆ ಹೋದ. ಮಡಿವಾಳಪ್ಪನವರು ಮಾತ್ರ ನಗಲಿಲ್ಲ. ಬಸವೇಶ್ವರನಗರ ದಾಟುವವರೆಗೆ ಕಿಟಕಿ ನೋಡುತ್ತಿದ್ದವರು, "ಕೇಟರಿಂಗಾ?" ಅಂತ ಒಮ್ಮೆ ತಮ್ಮಷ್ಟಕ್ಕೆ ಅಂದರು. ನಾನು ಉಗುರಿನಿಂದ ಎಡಗಡೆಯ ಸ್ಟಿಕ್ಕರನ್ನು ಮೆಲ್ಲಗೆ ಕೆರೆದು ತೆಗೆದೆ. ಕೆಳಗೆ ನನ್ನ ಬೂದಿ ಹಾಗೇ ಇತ್ತು. ಬಲಗಡೆಯದಕ್ಕೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ನಮ್ಮ ಸ್ಟಾಪು ಬಂತು.

ಅಣ್ಣ ಹೊಗಳಬಹುದು ಅಂದುಕೊಂಡಿದ್ದೆ. ಹೌಹಾರಿದ.

"ಕೊಟ್ಟ ಮಾಲು ವಾಪಸ್ ತಂದೀಯೇನ? ಬುದ್ಧಿ ಐತೋ ಇಲ್ಲೋ? ಇಷ್ಟು ವರ್ಷದಾಗ ಹಂಗ ಒಂದ ದಿನಾ ಮಾಡಿಲ್ಲ ನಾವು!"

ಬೈದುಕೊಂಡೇ ಚಪ್ಪಲಿ ಮೆಟ್ಟಿ ಷೆಡ್ಡಿಗೆ ಬಂದ. ಎಂಟು ಹತ್ತು ದಿನದಲ್ಲಿ ಮೊದಲ ಸಲ. ಅಷ್ಟಾದರೂ ಆಯಿತಲ್ಲ.

ಎರಡು ದಿನ ಬಿಟ್ಟು ಪೇಪರಿನಲ್ಲಿ ಕಂಪನಿಯ ಪುಟ ಬಂತು. ಲಾಬಿಯ ಚಿತ್ರ. ಮೂರು ವಿಮಾನ, ಮಂಗಟ್ಟೆಯ ಜಾಗದಲ್ಲಿ ಒಂದು ಹೂದಾನಿ. ಅದರ ಮುಂದೆ ಇಟಲಿಯ ಹಿತ್ತಾಳೆ ತಗಡು ಹಾಗೇ ಇತ್ತು. ಕೆಳಗೆ "ನಾಲ್ಕು ಯುಗಗಳ ಬಣ್ಣದ ಪಯಣ" ಅಂತ ಬರೆದಿತ್ತು. ಎಣಿಸಲಿಕ್ಕೂ ಬಾರದವರ ಮೇಲೆ ನಾನು ಅಷ್ಟು ಸಿಟ್ಟು ಖರ್ಚು ಮಾಡಿದ್ದೆ. ಆಮೇಲೆ ಅಲ್ಲಿಂದ ಫೋನೂ ಬರಲಿಲ್ಲ, ಹೊಸ ಆರ್ಡರೂ ಬರಲಿಲ್ಲ.

ಭಾನುವಾರ ಮಡಿವಾಳಪ್ಪನವರು ಉಲ್ಲಾಳದಿಂದ ಬಂದರು. ಅಣ್ಣನನ್ನು ಹದಿನೇಳು ವರ್ಷದ ಮೇಲೆ ನೋಡುತ್ತಿದ್ದರು. ಇಬ್ಬರೂ ಒಂದೊಂದು ಸ್ಟೂಲು ಎಳೆದುಕೊಂಡು ವಿಮಾನದ ಮುಂದೆ ಕೂತರು. ನಾನು ಕಾಫಿ ಕೊಟ್ಟು, ಬಲಗಡೆ ಉಳಿದಿದ್ದ ಸ್ಟಿಕ್ಕರ್ ಕೀಳಲಿಕ್ಕೆ ಬ್ಲೇಡು ತೆಗೆದುಕೊಂಡೆ.

"ಅದನ್ನ ತಗೀಬ್ಯಾಡ," ಅಂದ ಅಣ್ಣ.

"ಯಾಕೆ?"

ಅಣ್ಣ ಲೋಟ ಕೆಳಗಿಟ್ಟ. "ಬಲಗಡೀದು ಕಪ್ಪ ಇತ್ತು."

ಮಡಿವಾಳಪ್ಪನವರು ಕತ್ತೆತ್ತಿದರು. "ಏನು ಕಪ್ಪು?"

"ಮಂತ್ರಿಗಳ ಕುರ್ಚಿ ಬಲಗಡೀಗೆ ಹಾಕಿದ್ರು ಸಾಹೇಬ್ರ. ಅವರ ಕಣ್ಣಿಗೆ ಮಾಸಿದ್ದು ಬೀಳಬಾರ್ದು ಅಂತ... ನೀವು ಊಟಕ್ಕ ಹೋದಾಗ ಆ ಕಡೀಗೆ ಇನ್ನೊಂದು ಕೋಟು ಹೊಡ್ದೆ."

"ನನ್ನ ರಡ್ಡರಿಗೆ?"

"ತೆಳ್ಳಗ ಹೊಡ್ದೆ ಸಾಹೇಬ್ರ."

ಮಡಿವಾಳಪ್ಪನವರು ಎದ್ದು ನಿಂತ ರಭಸಕ್ಕೆ ಸ್ಟೂಲು ಉರುಳಿತು. "ಅದಕ್ಕೇ! ಅದಕ್ಕೇ ಲೆಕ್ಕ ಕೂಡ್ತಿರಲಿಲ್ಲ! ತೂಗಿದಾಗ ಹೆಚ್ಚು ಬಂತು ಕಣಯ್ಯಾ. ನಾನು ತಕ್ಕಡಿ ಮುಳ್ಳು ನೋಡ್ತಿದ್ದೆ, ಬಣ್ಣ ಯಾರು ನೋಡಿದ್ರು! ತಕ್ಕಡಿ ಕೆಟ್ಟಿದೆ ಅಂತ ಬೇರೆ ತಕ್ಕಡಿ ತರಿಸಿದೆ. ಆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಾನು. ಕೊನೆಗೆ ಮುಂದಿನ ಅಂಚಿಗೆ ಸೀಸದ ತುಂಡು ಹಾಕಿ ಸರಿ ಮಾಡ್ಬೇಕಾಯ್ತು. ನನ್ನ ಲೆಕ್ಕವೇ ತಪ್ಪು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ!"

"ಹೇಳಿದ್ರ ನೀವು ಅಟ್ಟಣಗಿಂದ ಇಳಿಸ್ತಿದ್ರಿ."

"ಇಳಿಸ್ತಿದ್ದೆ! ಒದ್ದು ಇಳಿಸ್ತಿದ್ದೆ!"

ನಾನು ಬ್ಲೇಡು ಹಿಡಿದುಕೊಂಡು ನಿಂತೇ ಇದ್ದೆ. ಹಾರಿದ್ದು ಹೇಗಿತ್ತೋ ಹಾಗೆ ಅಂತ ಎದೆ ಉಬ್ಬಿಸಿಕೊಂಡು, ಇಡೀ ಊರಿನ ಮುಂದೆ ವಿಮಾನ ಹೊತ್ತುಕೊಂಡು ಬಂದವಳು ನಾನು. ನನ್ನ ಮಾಡೆಲಿನ ಬಲಗಡೆ ತಪ್ಪಾಗಿತ್ತು. ಆ ಗಿರಿರಾಜ್ ಏನೂ ತಿಳಿಯದೆ, ಸೊಟ್ಟಗೆ, ಗುಳ್ಳೆ ಎಬ್ಬಿಸಿ ಅಂಟಿಸಿದ್ದು ಆ ಕಡೆ ಸರಿಯಾಗಿತ್ತು. ಇದನ್ನು ಅವನಿಗೆ ನಾನು ಹೇಳುತ್ತೇನೆಯೇ? ಷೆಡ್ಡಿಗೆ ಬೆಂಕಿ ಬಿದ್ದರೂ ಹೇಳುವುದಿಲ್ಲ.

"ಎರಡು ತಿಂಗಳು ಪಕ್ಕದಲ್ಲೇ ಕೂತಿದ್ದೆಯಲ್ಲೋ ಅಣ್ಣ, ಬಾಯಿ ಬಿಡೋಕೆ ಏನಾಗಿತ್ತು?" ಅಂದೆ.

"ನೂರು ಸಲ ನಿನಗ ಒಂದ ಕೋಟು ಅಂತ ಹೇಳೀನಿ. ಮತ್ತ ಹೆಂಗ ಬದಲಾಯಿಸ್ಲಿ?" ಅಂದ ಅಣ್ಣ. ನಾಚಿಕೆಯಿಂದ ಅವನ ಮುಖ ಸಣ್ಣದಾಗಿತ್ತು, ಆದರೆ ಕಣ್ಣಲ್ಲಿ ಬೇರೆ ಏನೋ ಇತ್ತು. ಬಲಗಡೆಯದನ್ನು ಅವನು ಒಮ್ಮೆಯೂ ಮರೆತಿರಲಿಲ್ಲ.

ಸ್ಟಿಕ್ಕರನ್ನು ಕಿತ್ತೆ. ಬಿಡಲಿಕ್ಕಾಗುತ್ತದೆಯೇ, ಅಂಥ ದರಿದ್ರ ಕೆಲಸವನ್ನು? ವಾಟರ್ ಪೇಪರ್ ಹಾಕಿ ತಿಕ್ಕಿದೆ, ಅಂಚಿಗೆ ಟೇಪು ಹಚ್ಚಿದೆ. ಅಣ್ಣ ಕಪ್ಪು ಬೆರೆಸಿದ. ಮಡಿವಾಳಪ್ಪನವರು ಬಿದ್ದ ಸ್ಟೂಲನ್ನು ಎತ್ತಿಕೊಂಡು ಬಾಲದ ಹತ್ತಿರವೇ ಕೂತರು.

"ಅವತ್ತು ಎಷ್ಟು ಗ್ರಾಂ ಬಣ್ಣ ಹೋಯ್ತು, ಅದನ್ನ ಹೇಳು," ಅಂದರು.

"ಅಂದಾಜು ಸಾಹೇಬ್ರ..."

"ಅಂದಾಜು ಬೇಡ. ಎಷ್ಟು ಲೋಟ ಕಲಸಿದೆ? ಎಂಥ ಲೋಟ?"

"ಚಾ ಕುಡಿಯೂ ಲೋಟ. ಒಂದೂವರೆ."

"ಥಿನ್ನರ್ ಸೇರಿಸಿಯೋ, ಬಿಟ್ಟೋ?"

ಇಬ್ಬರು ಮುದುಕರೂ ಗುಜರಿಗೆ ಹೋದ ವಿಮಾನದ ಬಾಲ ಹಿಡಿದುಕೊಂಡು ಹೀಗೆ ಜಗಳ ಆಡುತ್ತಲೇ ಇದ್ದರು. ನನಗೆ ಅವರ ಲೋಟವೂ ಬೇಡ, ಗ್ರಾಮೂ ಬೇಡ. ಕಂಪ್ರೆಸರ್ ಸ್ವಿಚ್ ಹಾಕಿದೆ. ಅದರ ಸದ್ದಿಗೆ ಅವರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಬಲಗಡೆಗೆ ಎರಡನೇ ಕೋಟು ಹೊಡೆದೆ.